ಎಷ್ಟು ಗಟ್ಟಿ

ಗುಡ್ಡ ಜಾರಿ ಮೂರನೆಯ ದಿನ.
ಪಾನಶೇತದ ಹಿನ್ನೀರಿನಾಚೆ, ಧನಗರವಾಡಿಯವರು
ಕೋಂಡಿಬಾನನ್ನು ಹೊರಸಿನ ಮೇಲೆ ಹೊತ್ತು ತಂದಿದ್ದಾರೆ,
ಆಸ್ಪತ್ರೆಗಲ್ಲ,
ಸಿಗ್ನಲ್ ಸಿಗುವ ಬಂಡೆಗೆ.

ನಾನು ಪುಣೆಯಲ್ಲಿ, ನಾಲ್ಕನೆಯ ಮಹಡಿ,
ಹೆಡ್‌ಫೋನಿನ ಒಂದು ಕಿವಿ ಕೆಟ್ಟಿದೆ.
ಪರದೆಯ ಮೇಲೆ ಮೊದಲು ತಾಡಪಾಲು, ಆಮೇಲೆ ಯಾರದೋ ಮೊಣಕೈ,
ಆಮೇಲೆ ಬ್ಯಾಟರಿ ಬೆಳಕಲ್ಲಿ ಒಂದು ಹೊಟ್ಟೆ.
ಏರುತ್ತಿಲ್ಲ, ಇಳಿಯುತ್ತಿಲ್ಲ.
ಚಿತ್ರ ನಿಂತಿತೋ ಉಸಿರು ನಿಂತಿತೋ.
'ಅಲ್ಕಾತಾಯಿ, ಕೈ ಆಡಿಸಿ' ಅಂದೆ.
ಬೆರಳು ಆಡಿದವು. ಹೊಟ್ಟೆ ಆಡಲಿಲ್ಲ.

ಮೊಣಕಾಲ ನೋವಿಗೆ ಸಂತೆಯ ಗುಳಿಗೆ,
ಬಿಳಿಯದು, ದಿನಕ್ಕೆರಡು, ಎರಡು ವರ್ಷದಿಂದ
ಅಂದಳು ಹೆಂಡತಿ, ಚಿತ್ರದ ಹೊರಗಿಂದ.

ಒತ್ತಿ ನೋಡಿ. ಹಗೂರ. ಪೂರ್ತಿ ಅಂಗೈ.
ಹೇಗಿದೆ?
'ಗಟ್ಟಿ.'
ಎಷ್ಟು ಗಟ್ಟಿ?

ಇದನ್ನು ಕಳಿಸುವ ತಂತಿ ಇನ್ನೂ ಹುಟ್ಟಿಲ್ಲ.
ನಾಡಿ ಅಂಕಿಯಾಗಿ ಬರುತ್ತದೆ, ಎದೆಯ ಸದ್ದೂ ಬರುತ್ತದೆ,
ಮುಟ್ಟಿದ್ದು ಮಾತ್ರ ಮುಟ್ಟಿದವರ ಹತ್ತಿರವೇ ಉಳಿಯುತ್ತದೆ.
ಕಲಿತ ಪುಸ್ತಕ ಹಲಗೆ ಅನ್ನುತ್ತದೆ. ಆ ಪದವನ್ನು
ಅವಳ ಬಾಯಲ್ಲಿ ನಾನು ಇಡಬಾರದು.
ನಾದಿದ ಹಿಟ್ಟೇ? ಕರೆಯದೆ ಬಿಟ್ಟ ಕೆಚ್ಚಲೇ?
ಅವಳು ತಡೆದಳು. ಎಲ್ಲೋ ಎಮ್ಮೆ ಸೀನಿತು.
'ಪಾಟಾ' ಅಂದಳು. 'ಚಟ್ನಿ ಅರೆಯುವ ಕಲ್ಲು, ಡಾಕ್ಟರ್.
ತೊಳೆದು ಗೋಡೆಗೆ ಒರಗಿಸಿಟ್ಟದ್ದು.'

ಸಾಕಿತ್ತು.
ಬಾಯಿಗೆ ಏನೂ ಕೊಡಬೇಡಿ, ನೀರೂ ಬೇಡ, ಅತ್ತು ಬೇಡಿದರೂ.
ದೋಣಿಗೆ ಹೇಳಿದೆ, ಮೀನುಗಾರರ ಸಂಘದ್ದು; ಈ ದಡಕ್ಕೆ ಆಂಬುಲೆನ್ಸು;
ಥಿಯೇಟರಿಗೆ ಫೋನು.
'ಹೊಟ್ಟೆ ಮುಟ್ಟಿ ನೋಡಿದವರು ಯಾರು?' ಸರ್ಜನ್ ಕೇಳಿದ.
ನಾವು, ಅಂದೆ.
ಕರೆ ಕಡಿದ ಮೇಲೆ ಕಂಡೆ: ನನ್ನ ಬಲಗೈ
ಮೇಜನ್ನು ಒತ್ತುತ್ತಲೇ ಇತ್ತು.

ದೀಪಾವಳಿ ಕಳೆದು, ತರಬೇತಿಗೆಂದು ಬಂದಳು ಅಲ್ಕಾ ಮರಗಳೆ.
ನಾನು ಅಂದುಕೊಂಡದ್ದಕ್ಕಿಂತ ಗಿಡ್ಡ; ಪರದೆಗೆ ಎತ್ತರ ತಿಳಿಯದು.
ಕೋಂಡಿಬಾ ಎಮ್ಮೆಗಳ ಹಿಂದೆ ಹೋಗುತ್ತಾನಂತೆ,
ಗುಳಿಗೆ ಬಿಡಿಸಿದ್ದಕ್ಕೆ
ಏರು ಬಂದಾಗೆಲ್ಲ ನನ್ನನ್ನು ಬಯ್ಯುತ್ತಾನಂತೆ.
ನಕ್ಕೆವು. ಕೈ ಹಿಡಿದೆ.

ಅಂಗೈ ತುಂಬ ಜಡ್ಡು: ಕುಡುಗೋಲು, ಸೌದೆ, ಕೊಡದ ಕಂಠ.
ಒತ್ತಿದರೆ ನನ್ನ ಬೆರಳ ಗುರುತೂ ಮೂಡಲಿಲ್ಲ.

ಇಂಥ ಅಂಗೈಗೂ ಅವತ್ತು
ಅದು ಕಲ್ಲು ಅನ್ನಿಸಿತ್ತು.