ಒಂಬತ್ತರ ಮಗ್ಗಿ

ಬಿರಡೆಮರದ ತೊಗಟೆ ಸುಲಿದ ಮೇಲೆ
ಬತ್ತಲೆ ಬೊಡ್ಡೆ ಕೆಂಪಗೆ,
ಬಿಸಿನೀರಲ್ಲಿ ಮಿಂದೆದ್ದ ಮಗುವಿನ ಬೆನ್ನಿನ ಹಾಗೆ.
ಅದರ ಮೇಲೆ ಬಿಳಿ ಬಣ್ಣದಲ್ಲಿ ಒಂದೇ ಅಂಕಿ
ಬರೆಯುತ್ತಾರೆ ಅಲೆಂತೇಜುವಿನ ಮಂದಿ,
ಸುಲಿದ ವರ್ಷದ ಕೊನೆಯ ಅಂಕಿ.
ಇನ್ನು ಒಂಬತ್ತು ವರ್ಷ ಕೊಡಲಿ ತಾಗಿಸುವಂತಿಲ್ಲ.
ಆತುರಪಟ್ಟರೆ ಒಳಪೊರೆಗೆ ಗಾಯ.
ಆ ಪೊರೆಗೆ ಅಲ್ಲಿ ‘ತಾಯಿ’ ಅಂತಲೇ ಹೆಸರು.

ದೆವೊಲಿಂದಾ ಹುಟ್ಟಿದ ವರ್ಷ
ಅಂಗಳದಾಚೆಯ ಮರಗಳ ಮೇಲೆ ಐದು.
ಅಪ್ಪ ಎವರಿಸ್ತು ಅದೇ ಬೇಸಿಗೆ
ಒಂದು ಸೀಸೆ ಕೆಂಪು ವೈನು ತಂದು
ಮೆಟ್ಟಿಲ ಕೆಳಗಿನ ಕತ್ತಲಲ್ಲಿ ಮಲಗಿಸಿದ:
“ಒಳ್ಳೆಯ ದಿನ ಬಂದಾಗ ತೆಗೆಯೋಣ.”

ಒಂಬತ್ತೊಂದ್ಲಿ ಒಂಬತ್ತು.
ಮರದ ಮೇಲೆ ನಾಲ್ಕು.
ಎವೊರಾದ ಅಂಗಡಿಯ ಗಾಜಿನೊಳಗೆ ಕೆಂಪು ಸೈಕಲ್ಲು,
ಗಂಟೆ ಇರುವುದು.
ಹಣ ಸೂರಿಗೆ ಹೋಯಿತು.
“ಮುಂದಿನ ಸುಲಿತಕ್ಕೆ ಖಂಡಿತ” ಎಂದ ಅಪ್ಪ.
ಸುಳ್ಳಾಡುವವನಲ್ಲ ಅವನು,
ಒಂಬತ್ತು ವರ್ಷವೆಂದರೆ ಅವನಿಗೆ ನಾಳಿದ್ದು.

ಒಂಬತ್ತೆರಡ್ಲಿ ಹದಿನೆಂಟು.
ಮರದ ಮೇಲೆ ಮೂರು.
ಈ ಸಲ ಮಕ್ಕಳಿಬ್ಬರಿಗೂ ಪಾಲು.
ಅಣ್ಣ ಲಿಯೊನೆಲ್ ಸಂಜೆಯೊಳಗೆ ಮೋಟಾರು ಬೈಕು ಕೊಂಡ,
ಬೆಳಗಾಗುವುದರೊಳಗೆ ಸಮುದ್ರ ಕಂಡ,
ವಾರದೊಳಗೆ ಜೇಬು ತೂತು.
ಅವಳು ಅಂಚೆ ಕಚೇರಿಯಲ್ಲಿ ಕಟ್ಟಿ ರಸೀದಿ ಮಡಚಿಟ್ಟಳು.
ಊರು ಅವಳನ್ನು ಹೊಗಳಿತು.
ಅವನನ್ನು ಊಟಕ್ಕೆ ಕರೆಯಿತು.

ಮದುವೆಯ ದಿನವೂ ಸೀಸೆ ತೆಗೆಯಲಿಲ್ಲ ಅಪ್ಪ.
“ಇದಕ್ಕಿಂತ ಒಳ್ಳೆಯ ದಿನ ಬರಬಹುದು.”
“ಅದೂ ನಿಜ” ಎಂದು ನಕ್ಕ ಮದುಮಗ.

ಒಂಬತ್ಮೂರ್ಲಿ ಇಪ್ಪತ್ತೇಳು, ಮರದಲ್ಲಿ ಎರಡು.
ಒಂಬತ್ನಾಲ್ಕ್ಲಿ ಮೂವತ್ತಾರು, ಒಂದು.
ತನ್ನ ವಯಸ್ಸು ಏರಿದಷ್ಟೂ
ಮರದ ಅಂಕಿ ಇಳಿಯುತ್ತದೆಂದು
ಮೊದಲ ಬಾರಿ ಹೊಳೆದ ರಾತ್ರಿ
ಅವಳಿಗೆ ನಿದ್ದೆ ಹತ್ತಲಿಲ್ಲ.

ಅಡುಗೆಮನೆಯಲ್ಲಿ ಅಂಜೂರದ ಬುಟ್ಟಿ.
ಕಳಿತದ್ದನ್ನು ನಾಳೆಗೆಂದು ಎತ್ತಿಟ್ಟು
ಬಾಡಿದ್ದನ್ನು ಮೊದಲು ಮುಗಿಸುವುದು ರೂಢಿ.
ನಾಳೆಯಾದಾಗ ಎತ್ತಿಟ್ಟದ್ದೂ ಬಾಡಿರುತ್ತದೆ.
ಬೇಸಿಗೆಯುದ್ದಕ್ಕೂ ಹೀಗೆ
ಮರದ ತುಂಬ ಹಣ್ಣಿದ್ದೂ
ಅವಳು ತಿಂದದ್ದು ನಿನ್ನೆಯನ್ನೇ.
ತಾಳಿದರೆ ಬಾಳು, ಸರಿ.
ಬಾಳುವ ತಾರೀಕನ್ನು ಯಾರ ಹತ್ತಿರ ಕೇಳುವುದು?

ಒಂಬತ್ತೈದ್ಲಿ ನಲವತ್ತೈದು.
ಅಪ್ಪ ಇರಲಿಲ್ಲ.
ಕೊಡಲಿಯ ಕಾವನ್ನು ಸಂದಿಗೆ ತೂರಿಸಿ ಮೀಟಿದಾಗ
ತೊಗಟೆ ಬಿಟ್ಟುಕೊಡುವ ಆ ಸದ್ದು,
ಒಣ ರೊಟ್ಟಿ ಮುರಿದ ಹಾಗೆ,
ಕೇಳುತ್ತಲೇ ಒಳಗೆ ಹೋದಳು.
ಸೀಸೆಯ ಧೂಳು ಸೆರಗಂಚಿಲ್ಲದ ಏಪ್ರನ್ನಿಗೆ ಒರೆಸಿ
ಬಿರಡೆ ತೆಗೆದಳು. ಟಪ್.
ಬಿರಡೆಯಲ್ಲಿ ಒಂದು ಬಿರುಕಿಲ್ಲ.
ವೈನು ಹುಳಿ.

ಯಾರೂ ಮಾತಾಡಲಿಲ್ಲ.
ಲಿಯೊನೆಲ್ ಬೆರಳದ್ದಿ ಚಪ್ಪರಿಸಿ
“ಅಪ್ಪ ಒಳ್ಳೆಯ ವಿನೆಗರ್ ಮಾಡಿದ್ದಾನೆ” ಎಂದ.
ಟೊಮೆಟೊ ಹೆಚ್ಚಿದ, ಈರುಳ್ಳಿ, ಉಪ್ಪು, ಎಣ್ಣೆ,
ಮೇಲೆ ನಲವತ್ತೈದು ವರ್ಷ ಸುರಿದ.
ಸುಲಿಯಲು ಬಂದವರನ್ನೂ ಕರೆದರು.
ಎರಡೆರಡು ಸಲ ಬಡಿಸಿಕೊಂಡರು.
ಆಗ ಯಾರೋ ಕೇಳಿದರು, ಇವತ್ತೇನು ವಿಶೇಷ?

ನವೆಂಬರಿನಲ್ಲಿ, ನೆಲ ಮೆತ್ತಗಾದ ಮೇಲೆ,
ಮರದ ಕೆಳಗೆ ಉದುರಿದ್ದ ಒಂದು ಬೀಜ ಆಯ್ದು
ಬೇಲಿಯ ಪಕ್ಕ ಊರಿದಳು.
ಒಳ್ಳೆಯ ಬಿರಡೆ ಬರಲು ನಲವತ್ತು ವರ್ಷ ದಾಟಬೇಕು.
ಅವಳಿಗೆ ಲೆಕ್ಕ ಬರದೆ ಏನಿಲ್ಲ.
ತಾಳ್ಮೆಯೂ ಅಲ್ಲ ಅದು.
ಹೆಬ್ಬೆರಳು ಮಣ್ಣೊಳಗೆ ಇಳಿಯುವಾಗಿನ ತಂಪು
ಅವಳಿಗೆ ಆಗಲೇ, ಆ ಕ್ಷಣವೇ ಬೇಕಿತ್ತು.

ಬೇಲಿಗೆ ಒರಗಿಸಿದ್ದ ಸೈಕಲ್ಲು ಹಸಿರು.
ಕೆಂಪು ಸಿಕ್ಕಿರಲಿಲ್ಲ. ಗಂಟೆ ಇತ್ತು.
ಮಣ್ಣುಗೈಯಲ್ಲೇ ಹಿಡಿ ಹಿಡಿದು ಹತ್ತಿ
ಓಲಾಡುತ್ತ, ಒಂದು ಕಾಲು ನೆಲಕ್ಕೆ ಊರುತ್ತ,
ಮರದ ಮೇಲಿನ ಸೊನ್ನೆಯನ್ನು ದಾಟುವಾಗ
ಎದುರಿಗೆ ಯಾರೂ ಇಲ್ಲದಿದ್ದರೂ
ಬಾರಿಸಿದಳು.