ಮೂರೇ ಚೀಟಿ

ದುಕಮ್ ಡ್ರೈಡಾಕಿನಲ್ಲಿ ಖರೀಫಿನ ಮಂಜು.
ಕಂಟೇನರ್ ಕಚೇರಿಯ ತಗಡು ಗೋಡೆಗೆ, ಬಲಗಡೆ,
ಮಸ್ಕತ್ತಿನಿಂದ ಬಂದ ಗ್ಯಾಂಟ್ ಚಾರ್ಟು:
ಎರಡು ಮಾರು ಉದ್ದ, ನೀಲಿ ಪಟ್ಟಿ, ಕೆಂಪು ಪಟ್ಟಿ,
ಕೊನೆಗೆ ಗುರುವಾರ, ಬೆಳಗಿನ ಜಾವ ನಾಲ್ಕು ಹತ್ತು,
ಡಾಕಿಗೆ ನೀರು ಬಿಡುವುದು.
ಎಡಗಡೆ ನಮ್ಮ ಕಾನ್‌ಬಾನ್ ಹಲಗೆ.
ಹಳದಿ ಚೀಟಿಗಳು ತೇವಕ್ಕೆ ಅಂಟು ಬಿಟ್ಟು
ರಾತ್ರಿಯೆಲ್ಲ ಉದುರುತ್ತವೆ,
ಬೆಳಗ್ಗೆ ನೆನಪಿನಿಂದ ಅಂಟಿಸುತ್ತೇನೆ.

ಚಾರ್ಟು ಬೇಡ ಅಂತಲ್ಲ.
ಮನೆಗೆ ಪಂಚಾಂಗವೂ ಬೇಕು.
ತಿಥಿ ಹೇಳುತ್ತದೆ, ಅನ್ನ ಬೇಯಿಸುವುದಿಲ್ಲ, ಅಷ್ಟೆ.

ಗಂಗೊಳ್ಳಿಯಲ್ಲಿ ಅಪ್ಪ ಕೈರಂಪಣಿಗೆ ಹೋಗುತ್ತಿದ್ದ.
ಬಲೆಯನ್ನು ಯಾರಾದರೂ ತಳ್ಳಿದ್ದು ನಾನು ನೋಡಿಲ್ಲ.
ಕೈ ಖಾಲಿಯಾದವನು ಮುಂದಿನ ಹಿಡಿ ಹಗ್ಗ ಎಳೆಯುತ್ತಾನೆ.
ಇಷ್ಟೇ ಹೇಳಿದ್ದು ಸಲೀಂ ಅಲ್ ಜುನೈಬಿಗೆ. ಅವನೂ ಮೀನು ಹಿಡಿಯುವವರ ಮಗ.
‘ನಡೆಯುತ್ತಿದೆ’ ಎಂಬ ಸಾಲಿನ ನೆತ್ತಿಯ ಮೇಲೆ
ದಪ್ಪಗೆ ಅರಬಿ ಮೂರು ಬರೆದ.
ನಾಲ್ಕನೆಯದು ಬಂದರೆ,
ಅರ್ಜೆಂಟ್ ಎಂದು ಕೆಂಪು ಶಾಯಿಯಲ್ಲೇ ಬಂದರೂ,
ಅವನ ಜೇಬಿಗೆ.

ಆರು ಗಂಟೆಗೆ ಸಭೆ, ನಿಂತುಕೊಂಡೇ.
ಕೂತರೆ ಚಹಾ, ಚಹಾ ಆದರೆ ಕತೆ.
ಟೇಕ್‌ಬಹಾದುರ್: ಚುಕ್ಕಾಣಿಯ ವೆಲ್ಡಿಂಗ್, ನಾಳೆ ಮುಗಿಯುತ್ತದೆ.
ಪ್ರೊಪೆಲ್ಲರ್ ಸೀಲು: ಕಸ್ಟಮ್ಸಿನವರ ಮೇಜಿನ ಮೇಲೆ.
ಮೊತಾಲೆಬ್: ತಳದ ಬಣ್ಣ. ಗಾಳಿಯಲ್ಲಿ ತೇವ ತೊಂಬತ್ತಾರು.
ಕಾಯುತ್ತಿದೆ.

ಸೋಮವಾರ ‘ಕಾಯುತ್ತಿದೆ’ಯಲ್ಲಿ ಒಂದು ಚೀಟಿ ಹೆಚ್ಚಿತ್ತು,
ಬಂಗಾಳಿಯಲ್ಲಿ, ಬಣ್ಣದ ಬೆರಳಚ್ಚಿನೊಂದಿಗೆ.
ಯಾವ ಟ್ಯಾಂಕು, ಯಾವ ವಾಲ್ವು ಎಂದೆ.
ಮೊತಾಲೆಬ್ ನೆಲ ನೋಡಿದ:
ಮಗಳು ಹುಟ್ಟಿ ಹನ್ನೊಂದು ದಿನ.
ಹೆಸರು ನಾನು ಹೇಳಬೇಕಂತೆ.

ಚಾರ್ಟಿನಲ್ಲಿ ಇದಕ್ಕೆ ಪಟ್ಟಿಯಿಲ್ಲ.
ನಾನು ತೆಗೆಯಲು ಕೈ ಚಾಚಿದೆ.
ಸಲೀಂ ಅದನ್ನು ‘ನಡೆಯುತ್ತಿದೆ’ಗೆ ಸರಿಸಿದ,
ಅಲ್ಲಿದ್ದ ಪೈಪಿನ ಚೀಟಿಯನ್ನು ಹಿಂದಕ್ಕೆ ಕಳಿಸಿದ.
ಮೂರು ಅಂದರೆ ಮೂರು.
ಮಸ್ಕತ್ತಿಗೆ ಏನು ಹೇಳಲಿ ಎಂದೆ.
ಪೈಪು ಕಾಯುತ್ತದೆ ಎನ್ನು, ಅದಕ್ಕೆ ಅಭ್ಯಾಸವಿದೆ.

ಮಂಗಳವಾರ ಮಧ್ಯಾಹ್ನ ಮಂಜು ಹರಿಯಿತು, ಎರಡು ತಾಸು.
ಓಡಿ ಓಡಿ ಬಣ್ಣ ಹೊಡೆದರು, ವೆಲ್ಡರುಗಳೂ ಸೇರಿ.
ಚೀಟಿಯ ಮೇಲೆ ಅಷ್ಟರಲ್ಲಿ ನಾಲ್ಕು ಲಿಪಿಯಲ್ಲಿ ಹೆಸರು:
ನನ್ನದು ಒಂದು, ಟೇಕ್‌ಬಹಾದುರನದು ಎರಡು,
ಸಲೀಮನ ಅಜ್ಜಿಯದು ಒಂದು, ಯಾರಿಗೂ ಉಚ್ಚರಿಸಲು ಬಾರದ್ದು.

ಗುರುವಾರ ನಾಲ್ಕು ಹತ್ತಕ್ಕೆ ಹಡಗು ತೇಲಿತು.
ವರದಿ ಬರೆದೆ: ಎಲ್ಲ ಮುಗಿದಿದೆ.
ಬಾಕಿ ಒಂದು,
ಮೊತಾಲೆಬನ ಹೆಂಡತಿಯ ಒಪ್ಪಿಗೆಗೆ ಕಾಯುತ್ತಿದೆ.