ಕಾಟಾದ ಮೇಲೆ ನವರಂಗ

ಸಂಡೂರಿನಾಚೆ ಅದಿರು ತೂಗುವ ಕಾಟಾ. ರಾತ್ರಿಪಾಳಿ ನನ್ನದು.
ಮೇ ತಿಂಗಳ ಎರಡನೇ ಮಳೆ ನಿಂತ ಮೇಲೆ
ದೊಡ್ಡ ದೀಪದಡಿ ಏನೋ ತಪ್ಪನೆ ಬಿತ್ತು.

"ಯಾವ ಹುಡುಗರ ಚೆಂಡಲೇ ಇದು?" ಲಾರಿಯಿಂದಿಳಿದ ಗಾದಿಲಿಂಗ.
ಚೆಂಡಿಗೆ ಕಣ್ಣಿತ್ತು. ಕಣ್ಣಿಗೆ ಕಾಡಿಗೆಯ ದಪ್ಪ ಪಟ್ಟಿ.
ಬೆನ್ನು ಎಲೆಹಸಿರು, ಎದೆ ಹುರಿಗಡಲೆ,
ಬಾಲ ಹೆಸರಿಗಷ್ಟೆ;
ಅದರಡಿ ಕುಂಕುಮದ ಮೇಲೆ ಕೂತೆದ್ದ ಗುರುತು.

ಪರದೆಯಲ್ಲಿ ಕೆಂಪಗೆ ಸೊನ್ನೆ.
ನಲವತ್ತು ಟನ್ನು ಓದುವ ಯಂತ್ರಕ್ಕೆ
ಅರವತ್ತು ಗ್ರಾಂ ಎಂದರೆ ಇಲ್ಲವೆಂದೇ ಲೆಕ್ಕ.

ಇರುಳೆಲ್ಲ ಹಾರಿ ಬಡಗಣ ಕಾಡು ಸೇರುವ ಜೀವ.
ಅಲ್ಲಿ ಮಳೆಗಾಲಕ್ಕೆ ಗೂಡು: ಉಂಡೆಯಂಥದು, ಪಕ್ಕಕ್ಕೆ ಬಾಗಿಲು.
ನಮ್ಮ ಗುಡ್ಡದಲ್ಲಿ ಹೋಗುವಾಗೊಮ್ಮೆ ಬರುವಾಗೊಮ್ಮೆ
ತರಗೆಲೆ ಮಗುಚಿ, ಹುಳ ಹೆಕ್ಕಿ, ಮುಂದಕ್ಕೆ.

ಬೂಟಿನ ಡಬ್ಬಕ್ಕೆ ತೂತು ಹೊಡೆದೆ.
ಹಿಂದೆ ಹನ್ನೊಂದು ಲಾರಿ, ಹಾರ್ನೋ ಹಾರ್ನು.
ಹೇಳದೆಯೇ ಗಾದಿಲಿಂಗ ದೀಪ ಆರಿಸಿದ.

ನಸುಕಿಗೆ ನಾರಿಹಳ್ಳದ ಕಮರಿಯಲ್ಲಿ ಮುಚ್ಚಳ ತೆಗೆದೆ.
ಹಾರಲಿಲ್ಲ. ಕುಪ್ಪಳಿಸುತ್ತ ಕಾರೆಪೊದೆಯೊಳಗೆ ಹೋಯಿತು,
ಮನೆಗೆ ಹೋದ ಹಾಗೆ.
ಎಷ್ಟೋ ಹೊತ್ತಿನ ಮೇಲೆ ಎರಡೇ ಸ್ವರ,
ಒಂದು ಏರಿ, ಒಂದು ಇಳಿದು.

ಸೂಪರ್‌ವೈಸರ್ ರಿಜಿಸ್ಟರು ತಟ್ಟಿ ಕೇಳಿದ:
ಎರಡೂ ನಲವತ್ತರಿಂದ ಮೂರರ ತನಕ ಕಾಟಾ ಯಾಕೆ ಖಾಲಿ?
ಕರೆಂಟು ಹೋಗಿತ್ರಿ, ಅಂದೆ.
ಹೌದ್ರಿ, ಅಂದ ಗಾದಿಲಿಂಗ.